ಆರನೆಯ ಪ್ಲಗ್

ಸೆರ್ವಾ ಪೆಡಲನ್ನು ನಾಲ್ಕನೆಯ ಸಲ ತುಳಿದಾಗಲೇ ಪೆಟ್ರೋಲಿನ ವಾಸನೆ ಕ್ಯಾಬಿನ್ನಿನಲ್ಲಿ ತುಂಬಿತು. ಸೆಲ್ಫ್ ಒತ್ತಿದಳು. ಎಂಜಿನ್ ಗೊರಗೊರ ಎಂದು ಸುಮ್ಮನಾಯಿತು.

"ಮತ್ತೆ ಕುಡಿಸಿಬಿಟ್ರಾ ಮೇಡಂ?" ಡ್ರೈವರ್ ಲಾಸಿಸಿ ಕಿಟಕಿಯ ಬಳಿ ಬಂದ. "ಏಳು ವರ್ಷದಿಂದ ಹೇಳ್ತಿದ್ದೀನಿ. ಅದು ಒಂದು ಗುಟುಕು ಕೇಳಿದ್ರೆ ನೀವು ಕೊಡನೇ ಸುರೀತೀರಿ."

"ಲಾರಿ ನಂದು. ಎಷ್ಟು ಬೇಕೋ ಅಷ್ಟು ಕುಡಿಸ್ತೀನಿ."

ಎಂದಿನ ಜೋರು ಅವಳ ದನಿಯಲ್ಲಿರಲಿಲ್ಲ.

೧೯೬೯ರ ನವೆಂಬರ್ ಮುಗಿಯುತ್ತಿತ್ತು. ಕುಮಾಸಿಯ ಲಾರಿ ಸ್ಟ್ಯಾಂಡಿನಲ್ಲಿ ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ದಿನವೂ ಗೆಡ್ಡೆಯ ಮೂಟೆ ಹೇರುತ್ತಿದ್ದ ಲಾರಿಯಲ್ಲಿ ಇಂದು ಜನ ಕೂತಿದ್ದರು, ಹಾಸಿಗೆ, ಪಾತ್ರೆ, ಹೊಲಿಗೆ ಯಂತ್ರಗಳ ನಡುವೆ. ಕಾಗದವಿಲ್ಲದ ಪರದೇಶಿಗಳು ಎರಡು ವಾರದಲ್ಲಿ ಘಾನಾ ಬಿಡಬೇಕೆಂದು ಸರ್ಕಾರ ಹೇಳಿ ಹನ್ನೆರಡು ದಿನವಾಗಿತ್ತು. ಲಾಸಿಸಿ ಹುಟ್ಟಿದ್ದು ಈ ಊರಿನಲ್ಲೇ. ಆದರೆ ಅಪ್ಪ ಅಮ್ಮ ನೈಜೀರಿಯಾದಿಂದ ಬಂದವರು. ಮನೆಯಲ್ಲಿ ಯಾರ ಬಳಿಯೂ ಕಾಗದವಿರಲಿಲ್ಲ. ಗಡಿಯವರೆಗೆ ಅವನೇ ಲಾರಿ ಓಡಿಸುತ್ತಾನೆ. ಅಲ್ಲಿಂದ ಹೊಸ ಡ್ರೈವರ್ ವಾಪಸು ತರುತ್ತಾನೆ.

ಲಾಸಿಸಿ ಬಾನೆಟ್ ಎತ್ತಿದ. ಸೆರ್ವಾ ಇಳಿದು ಪಕ್ಕದಲ್ಲಿ ನಿಂತಳು.

ಇದಕ್ಕೆ ಅವನ ಮದ್ದು ಅವಳಿಗೆ ಗೊತ್ತು. ಪೆಡಲನ್ನು ತಳದವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯುವುದು. ಗಾಳಿ ನುಗ್ಗಿ ಹೆಚ್ಚಿನ ಪೆಟ್ರೋಲು ಹೊರಬೀಳುತ್ತದೆ. ಒಂದು ನಿಮಿಷದ ಕೆಲಸ. ಇಂದು ಅವನು ಪಾನಾ ತೆಗೆದು ಮೊದಲನೆಯ ಪ್ಲಗ್ ಬಿಚ್ಚಿದ. ಒರೆಸಿದ, ಊದಿದ, ಬಿಸಿಲಿಗೆ ಹಿಡಿದು ನೋಡಿದ.

"ಆರೂ ಬಿಚ್ತೀಯಾ?"

"ಆರೂ."

"ಅಷ್ಟು ಒದ್ದೆಯಾಗಿದೆಯಾ?"

"ಬೇಕಂತಲೇ ನಾಲ್ಕು ಸಲ ತುಳಿದ್ರೆ ಒದ್ದೆಯಾಗ್ದೆ ಇನ್ನೇನಾಗುತ್ತೆ?" ಅವನು ಪ್ಲಗ್ಗಿನಿಂದ ಕಣ್ಣೆತ್ತಲಿಲ್ಲ. ತುಟಿಯ ಅಂಚು ಮಾತ್ರ ನಕ್ಕಿತು.

"ಹೌದು," ಎಂದಳು ಸೆರ್ವಾ. "ಬೇಕಂತಲೇ."

ಅವನ ಕೆನ್ನೆಗೆ ಮಸಿ ಮೆತ್ತಿತ್ತು. ಅವಳು ಹೆಗಲ ಬಟ್ಟೆಯ ತುದಿಯಿಂದ ಒರೆಸಿದಳು. ಏಳು ವರ್ಷದಲ್ಲಿ ಒಮ್ಮೆಯೂ ಹಾಗೆ ಮುಟ್ಟಿರಲಿಲ್ಲ.

"ಇದ್ದುಬಿಡು ಲಾಸಿಸಿ. ಇವನು ನನ್ನ ಗಂಡ ಅಂತ ಕಾಗದ ಕೊಡೋ ಆಫೀಸಿನಲ್ಲಿ ಹೇಳ್ತೀನಿ. ನಮ್ಮ ಸೋದರಮಾವ ಬೈದರೆ ಬೈಯಲಿ."

ಅವನ ಕೈ ನಿಂತಿತು. "ಈ ಮಾತು ಹೋದ ವರ್ಷ ಆಡಿದ್ರೆ ಲಾರಿ ಮೇಲೆ ಹತ್ತಿ ಕುಣೀತಿದ್ದೆ."

"ನೀನೇ ಕೇಳ್ತೀಯ ಅಂತ ಕಾಯ್ತಿದ್ದೆ."

"ಡ್ರೈವರ್ ಯಜಮಾನೀನ ಕೇಳ್ತಾನಾ?"

ಲಾರಿಯ ಮೇಲಿನಿಂದ ಅವನ ತಾಯಿ ಕೂಗಿದಳು. "ಇನ್ನೂ ಆಗಲಿಲ್ವಾ ಮಗಾ?"

"ಆಯ್ತಮ್ಮಾ." ದನಿ ತಗ್ಗಿಸಿ ಹೇಳಿದ, "ಅಪ್ಪ ಇಲ್ಲ, ಅವಳಿಗೆ ಕಣ್ಣು ಮಂಜು. ಅಲ್ಲಿ ಯಾರ ಮನೆ ಬಾಗಿಲು ತಟ್ಟಬೇಕೋ ಗೊತ್ತಿಲ್ಲ. ಒಬ್ಬಳನ್ನೇ ಹೇಗೆ ಇಳಿಸಿ ಬರಲಿ?"

ಸೆರ್ವಾ ತಲೆಯೆತ್ತಿ ಲಾರಿಯ ಮೇಲಿದ್ದ ಆ ತಾಯಿಯನ್ನು ನೋಡಿದಳು.

ಆರನೆಯ ಪ್ಲಗ್ ಆಗಲೇ ಒಣಗಿತ್ತು. ಅವನು ಅದನ್ನೂ ಒರೆಸಿದ. ಅವಳು ಅವಸರ ಮಾಡಲಿಲ್ಲ. ಕೊನೆಗೆ ಪಾನಾದಿಂದ ಅದನ್ನು ಬಿಗಿಸಿ ಅವನು ಬಾನೆಟ್ ಮುಚ್ಚಿದ.

"ಸ್ಟಾರ್ಟ್ ನೀವೇ ಮಾಡಿ. ಪೂರ್ತಿ ಒತ್ತಿ, ಕಾಲು ಎತ್ತಬೇಡಿ."

ಅವಳು ಹತ್ತಿ ಕೂತು ಒತ್ತಿದಳು. ಎಂಜಿನ್ ಕೆಮ್ಮಿತು, ಕರಿಹೊಗೆ ಉಗುಳಿತು, ಗುಡುಗಿತು. ಅವಳು ಇಳಿದು ಎಲೆಯಲ್ಲಿ ಸುತ್ತಿದ ಮೆಕ್ಕೆಜೋಳದ ಕಡುಬು ಕೆಂಕಿ, ಹುರಿದ ಮೀನಿನ ಗಂಟನ್ನು ಅವನ ಕೈಗಿತ್ತಳು.

"ಬರ್ತೀನಿ, ಸೆರ್ವಾ," ಎಂದ. ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ನಾಲ್ಕನೆಯ ದಿನ ಲಾರಿ ವಾಪಸು ಬಂತು. ಮರುದಿನ ಬೆಳಿಗ್ಗೆ ಸೆರ್ವಾ ಪೆಡಲನ್ನು ಒಂದೇ ಸಲ ತುಳಿದು ಸೆಲ್ಫ್ ಒತ್ತಿದಳು. ಎಂಜಿನ್ ತಕ್ಷಣ ಎದ್ದಿತು. ಅವಳು ಕಿಟಕಿಯತ್ತ ನೋಡಿದಳು.

ಆಮೇಲೆ ಎಂಜಿನ್ ಆರಿಸಿದಳು. ಪೆಡಲನ್ನು ನಾಲ್ಕು ಸಲ ತುಳಿದು, ಪೆಟ್ರೋಲಿನ ವಾಸನೆಯಲ್ಲಿ, ಅದು ತಾನಾಗಿ ಒಣಗುವವರೆಗೂ ಕಾಯುತ್ತ ಕೂತಳು.