ದಾನೇಶ್ವರಿಯ ಮಡಿಲಪಟ್ಟಿ

ದಾನೇಶ್ವರಿಯ ಹೊಟ್ಟೆಗೆ ಕಟ್ಟಿದ ಪಟ್ಟಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅವಳಿಗೆ ಏಳು ತಿಂಗಳು. ತಪಾಸಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅತ್ತೆ ಸುವರ್ಣಮ್ಮನ ಫೋನಿನಲ್ಲೂ ಅದೇ ಹಸಿರು. 2058ರ ಗದಗಿನಲ್ಲಿ ಬಸುರಿಯ ಮನಸ್ಸು ಅವಳೊಬ್ಬಳದೇ ಆಗಿ ಉಳಿದಿರಲಿಲ್ಲ.

ಈ ಮಡಿಲಪಟ್ಟಿಯನ್ನು ರೂಪಿಸಿದವರು ಜೀವರಸಾಯನ ವಿಜ್ಞಾನಿ ಡಾ. ರಜಿಯಾ ಸವಣೂರ. ತಾಯಿಗೆ ದುಗುಡವಾದಾಗ ಅವಳ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ತಾಯಿಯನ್ನೂ ಕೂಸನ್ನೂ ಬೆಸೆಯುವ ಮಾಸಿನಲ್ಲಿರುವ ಒಂದು ಕಿಣ್ವ ಅದರ ಬಹುಪಾಲನ್ನು ನಿರುಪದ್ರವಿಯಾಗಿ ಮಾಡಿ, ಆಮೇಲಷ್ಟೇ ಕೂಸಿನತ್ತ ಬಿಡುತ್ತದೆ. ಹಾರ್ಮೋನಿನ ಏರಿಳಿತಕ್ಕೆ ತಕ್ಕಂತೆ ಈ ಕಿಣ್ವವೂ, ಭ್ರೂಣದ ಎಳೆಯ ಅಂಗಾಂಶಗಳಲ್ಲಿರುವ ಅದರ ಸಂಗಾತಿ ಕಿಣ್ವಗಳೂ ಚುರುಕಾಗುತ್ತವೆ, ಇಲ್ಲವೆ ಸೋಲುತ್ತವೆ. ಪಟ್ಟಿ ಅದನ್ನು ಬೆಳಕಿನಿಂದ ಅಳೆಯುತ್ತಿತ್ತು. ಸೋತರೆ ಕೆಂಪು. ದುಡಿದು ದಣಿದ ಬಸುರಿಯರಿಗೆ ವಿಶ್ರಾಂತಿ ಸಿಗಲಿ ಎಂಬುದು ರಜಿಯಾರ ಆಸೆಯಾಗಿತ್ತು. ಸಿಕ್ಕಿತು ಕೂಡ. ಆದರೆ ನಮ್ಮ ಜನ ಯಾವುದನ್ನು ಅಷ್ಟಕ್ಕೇ ಬಿಟ್ಟಾರು? ಬಸುರಿಯ ಮುಂದೆ ಸಾವಿನ ಸುದ್ದಿ ಆಡಬಾರದೆಂಬ ಹಳೆಯ ರೂಢಿಗೆ ಈಗ ಕಾವಲಿಗೊಂದು ದೀಪವೂ ಸಿಕ್ಕಿತ್ತು.

ರಜಿಯಾ ತಿಂಗಳ ಗ್ರಾಫ್ ನೋಡುತ್ತಿದ್ದರು. ಹದಿನೆಂಟು ದಿನಗಳ ಹಿಂದೆ ಒಮ್ಮೆ ಕೆಂಪು ಚಿಮ್ಮಿತ್ತು. ಅಲ್ಲಿಂದಾಚೆ ದಿನಕ್ಕೆ ಹತ್ತಾರು ಬಾರಿ ಗೆರೆ ಏರಲು ಹೋಗಿ, ಯಾರೋ ಹಿಡಿದು ಕೂರಿಸಿದಂತೆ ಕೆಳಗಿಳಿದಿತ್ತು.

“ಅವತ್ತ ಏನಾತು ದಾನೇಶ್ವರಿ?”

“ನಮ್ಮನಿಯವರು ತೀರಿಕೊಂಡದ್ದು ಅವತ್ತ ಗೊತ್ತಾತ್ರಿ.”

ರಜಿಯಾ ಗ್ರಾಫ್ ಬಿಟ್ಟು ಅವಳತ್ತ ತಿರುಗಿದರು. ಅವಳ ಗಂಡ ವೀರೇಶ ಗಾಳಿಯಂತ್ರದ ಗೋಪುರದಿಂದ ಬಿದ್ದು ಸತ್ತದ್ದನ್ನು ಸುವರ್ಣಮ್ಮ ಮೊದಲೇ ಅವರ ಕಿವಿಯಲ್ಲಿ ಹೇಳಿ, ಸೊಸೆಗೆ ಗೊತ್ತಾಗದಿರಲಿ ಎಂದು ಕೈಮುಗಿದಿದ್ದಳು. ಸಮುದ್ರದೊಳಗಿನ ಯಂತ್ರಗಳ ದುರಸ್ತಿಗೆ ಹೋಗಿದ್ದಾನೆ, ಅಲ್ಲಿ ಫೋನು ಸಿಗುವುದಿಲ್ಲ ಎಂದು ಮನೆಮಂದಿಯೆಲ್ಲ ಒಂದೇ ಮಾತು ಹೇಳಿದ್ದರು. ತಮ್ಮೂರು ಡಂಬಳದಲ್ಲಿ ಮಣ್ಣು ಮಾಡಿ ಬಂದು, ಮದುವೆಗೆ ಹೋಗಿದ್ದೆವು ಎಂದಿದ್ದರು.

“ನಿನಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ. ಅತ್ತಿ ಕೈ ನೋವು ಅಂತ ಒಲಿ ಹಚ್ಚಲಿಲ್ಲ. ಬಂದ ಬುತ್ತಿ ಡಬ್ಬಿ ಮ್ಯಾಲೆ ಬ್ಯಾರೆ ಬ್ಯಾರೆ ಮನಿಯವರ ಹೆಸರು ಕೊರ್ದಿತ್ತು. ದಿನಾ ಒಂದೊಂದು ಮನಿದು. ಸತ್ತವರ ಮನಿಗೇ ಅಲ್ಲೇನ್ರಿ ಹಂಗ ಬುತ್ತಿ ಬರೋದು?” ಅವಳು ಸೆರಗಿನ ಅಂಚು ಹಿಡಿದುಕೊಂಡಳು. “ಅಳು ಬಂದಾಗೆಲ್ಲ ಹದಿನೇಳರ ಮಗ್ಗಿ ಹೇಳ್ಕೋತೀನ್ರಿ. ನಾ ಅತ್ರ ದೀಪ ಕೆಂಪಾಕ್ಕೈತಿ, ಅತ್ತಿ ಹೆದರ್ತಾರ. ಪಾಪ, ಅವರೂ ನನ್ನ ಸಲುವಾಗಿ ಮಗನಿಗೆ ಅತ್ತಿಲ್ಲ.”

ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದಳು: “ಒಂದ್ಸಲ ಪೂರಾ ಅತ್ರ ಕೂಸಿಗೆ ಏನರ ಆಕ್ಕೈತೇನ್ರಿ?”

ರಜಿಯಾರ ಬಳಿ ಹನ್ನೊಂದು ಸಾವಿರ ಬಸುರಿಯರ ಗ್ರಾಫ್‌ಗಳಿದ್ದವು. ಮನಸಾರೆ ಅತ್ತವಳ ಗ್ರಾಫ್ ಒಂದೂ ಇರಲಿಲ್ಲ. ಕೆಂಪು ಕಂಡೊಡನೆ ಮನೆಯವರು ಓಡಿಬಂದು ಸುಮ್ಮನಾಗಿಸಿದ್ದರು. ರಜಿಯಾರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು.

“ನನಗ ಗೊತ್ತಿಲ್ಲವ್ವಾ,” ಎಂದರು. “ಆದ್ರ ಈ ಪಟ್ಟಿ ಬರೂದಕ್ಕಿಂತ ಮೊದಲೂ ತಾಯಂದಿರು ಅತ್ತಾರ. ಕೂಸುಗಳು ಹುಟ್ಟ್ಯಾವ.”

“ಹಂಗಾದ್ರ ಬಿಚ್ಚ್ರಿ.”

ಕೊಂಡಿ ಕಳಚಿದೊಡನೆ ಹೊರಗೆ ಸುವರ್ಣಮ್ಮನ ಫೋನು ಕೂಗಿತು. ಏದುಸಿರು ಬಿಡುತ್ತ ಒಳಗೆ ಬಂದವಳು ಸೊಸೆಯ ಮುಖ ನೋಡಿ ಅಲ್ಲೇ ನಿಂತಳು. ದಾನೇಶ್ವರಿ ಅವಳ ಕೈ ಹಿಡಿದಳು.

“ಮಣ್ಣಿಗಿಡೂ ಮುಂದ ಅವರ ಮಾರಿ ನೋಡೂಹಂಗಿತ್ತೇನ್ರಿ ಅತ್ತಿ?”

ಸುವರ್ಣಮ್ಮ ಸೊಸೆಯ ಪಕ್ಕ ಕುಳಿತಳು. “ಇತ್ತವ್ವ. ಮಾರಿಗೇನೂ ಆಗಿರಲಿಲ್ಲ. ಭಾಳ ಚಂದ ಕಾಣತಿದ್ದ.”

“ನನಗ ತೋರಿಸಬೇಕಾಗಿತ್ತ್ರಿ,” ಎಂದಳು ದಾನೇಶ್ವರಿ.

ಆಮೇಲೆ ಇಬ್ಬರೂ ಅತ್ತರು. ರಜಿಯಾ ಬಾಗಿಲು ಮುಂದೆ ಮಾಡಿದರು.

ಕೂಸಿಗೆ ತಾಗಬಾರದ ಹಾರ್ಮೋನನ್ನು ಎಲ್ಲರೂ ಸೇರಿ ತಡೆದಿದ್ದರು. ಅದಕ್ಕಾಗಿ ಒಬ್ಬಳಿಗೆ ಗಂಡನ ಮುಖ ಕೊನೆಯ ಸಲ ನೋಡುವುದು ತಪ್ಪಿಹೋಯಿತು. ಅದನ್ನು ಯಾರೂ ಅಳೆದಿರಲಿಲ್ಲ. ಇಂಥ ಪಟ್ಟಿ ನಮ್ಮ ಕಾಲಕ್ಕೆ ಇನ್ನೂ ಬಂದಿಲ್ಲ, ನಿಜ. ‘ಆಕಿಗೆ ಹೇಳಬ್ಯಾಡ್ರಿ’ ಎಂಬ ಪಿಸುಮಾತಂತೂ ನಮ್ಮ ಮನೆಗಳಲ್ಲಿ ಈಗಲೂ ಇದೆ.

ಪಟ್ಟಿ ಬಿಚ್ಚಿದರೆ ಕಾರಣ ನಮೂದಿಸಬೇಕೆಂಬುದು ರಜಿಯಾರೇ ಮಾಡಿದ ನಿಯಮ. ಪರದೆಯ ಮೇಲೆ ಸ್ನಾನ, ತುರಿಕೆ, ಸ್ಕ್ಯಾನ್, ಹೆರಿಗೆ ಎಂದು ನಾಲ್ಕೇ ಕಾರಣಗಳಿದ್ದವು. ಅವರು ಐದನೆಯದನ್ನು ಸೇರಿಸಿದರು: ಅಳಲಿಕ್ಕೆ.