ಸದ್ದು ಮಾಡದ ತೋಟಾ

ದೂರು ಬಂದದ್ದು 2016ರ ಜುಲೈ 5, ಮಂಗಳವಾರ, ಬೆಳಿಗ್ಗೆ 9.10ಕ್ಕೆ. ಒಟಾಗೋ ಸೀಮೆಯ ಡ್ರೈಬರ್ನ್ ಠಾಣೆಯಲ್ಲಿ ಫೋನ್ ಎತ್ತಿದ್ದು ಸಾರ್ಜೆಂಟ್ ಇಯೋನಾ ಪರಾತಾ. ಆ ಕಡೆ ಲಿಯಾನ್ ರಸ್ಕ್, ದ್ರಾಕ್ಷಿ ತೋಟದ ಪಕ್ಕದ ಮನೆಯವಳು. ತೋಟದಲ್ಲಿ ಮೊಲ ಹೊಡೆಯುವ ಸದ್ದಿಗೆ ತನ್ನ ಆರು ವಾರದ ಮಗಳು ದಿನಾ ಬೆಚ್ಚಿ ಎದ್ದು ಮಧ್ಯಾಹ್ನದ ತನಕ ಅಳುತ್ತಾಳೆ, ಗಂಡ ಹೆಂಡತಿ ಇಬ್ಬರೂ ನಿದ್ದೆಗೆಟ್ಟು ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದೇವೆ, ಏನಾದರೂ ಮಾಡಿ ಎಂದಳು. ಮೊಲ ಹೊಡೆಯಲೇಬೇಡಿ ಎಂದು ಹೇಳಲಿಲ್ಲ. ಆ ಸೀಮೆಯಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಜುಲೈ ಅಲ್ಲಿ ನಡುಚಳಿಗಾಲ; ಒಂದು ಚಳಿಗಾಲ ಮೊಲಗಳನ್ನು ಬಿಟ್ಟರೆ ಎಳೆಯ ಬಳ್ಳಿಗಳಲ್ಲಿ ತೊಗಟೆ ಉಳಿಯುವುದಿಲ್ಲ.

ಹೊಡೆಯುವವನು ವಾಟಿ ಮೆಕೆಲ್ಲರ್. ಅರವತ್ಮೂರು ವರ್ಷ, ಮೊಲ ಹೊಡೆಯುವುದೇ ಕಸುಬು. ಊರಲ್ಲಿ ಬಂದೂಕಿನ ಲೈಸೆನ್ಸ್ ಇದ್ದವರಲ್ಲಿ ಅರ್ಧ ಜನ ಅವನ ಕೈಯಲ್ಲೇ ಪಾಠ ಕಲಿತವರು. ಇಯೋನಾ ಕೂಡ, ಹದಿನಾರನೇ ವಯಸ್ಸಿನಲ್ಲಿ. ಪಾಠದಲ್ಲಿ ಅವನು ಬಡಿದು ಬಡಿದು ಹೇಳುತ್ತಿದ್ದ ಮಾತು ಒಂದೇ: ಮನೆ ಹತ್ತಿರ ಹದಿನೇಳು. ಪಾಯಿಂಟ್ ಹದಿನೇಳು ಅಂಗುಲ ಕೊಳವೆಯ ಬಂದೂಕಿನ ಗುಂಡು ಹಗುರ, ವೇಗ ಬಹಳ. ಕಲ್ಲಿಗೆ ತಾಗಿದರೆ ಅಲ್ಲೇ ಪುಡಿಯಾಗುತ್ತದೆ. ಇಪ್ಪತ್ತೆರಡರದು ಸೀಸದ ಗಟ್ಟಿ ಮುದ್ದೆ. ಓರೆಯಾಗಿ ತಾಗಿದರೆ ಚಿಮ್ಮಿ ಇನ್ನೆಲ್ಲಿಗೋ ಹೋಗುತ್ತದೆ. ಆದರೆ ಹದಿನೇಳಕ್ಕೆ ಸೈಲೆನ್ಸರ್ ಹಾಕಿದರೂ ಚಾವಟಿ ಹೊಡೆದಂಥ ಸದ್ದು ತಪ್ಪುವುದಿಲ್ಲ.

ಇಯೋನಾ ಅವನಿಗೆ ಫೋನ್ ಮಾಡಿದಳು. "ಸ್ವಲ್ಪ ಸದ್ದು ಕಡಿಮೆ ಮಾಡೋಕಾಗುತ್ತಾ ನೋಡಿ, ವಾಟಿ. ಕೂಸು ಪಾಪ."

"ನೋಡೋಣ ಹುಡುಗಿ. ಸಾರ್ಜೆಂಟಮ್ಮನೇ ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ?"

ಅವಳು ನಕ್ಕು ಫೋನ್ ಇಟ್ಟಳು. ದೂರಿನ ಪುಸ್ತಕದಲ್ಲಿ ಬರೆದಳು: ಮೌಖಿಕವಾಗಿ ತಿಳಿಸಲಾಗಿದೆ. ದೂರು ಮುಕ್ತಾಯ.

ಜುಲೈ 14, ಗುರುವಾರ, ಬೆಳಿಗ್ಗೆ 8.55ಕ್ಕೆ ಅದೇ ಮನೆಯಿಂದ ಮತ್ತೆ ಫೋನ್ ಬಂತು. ಈ ಸಲ ಲಿಯಾನಳ ಗಂಡ ಗ್ರಾಂಟ್. ಅವನ ಮಾತು ಅರ್ಥವಾಗುವಂತಿರಲಿಲ್ಲ. ಇಯೋನಾ ಮತ್ತು ಕಾನ್‌ಸ್ಟೇಬಲ್ ಡೆವ್ಲಿನ್ ಹತ್ತು ನಿಮಿಷದಲ್ಲಿ ಅಲ್ಲಿದ್ದರು. ಒಲೆಗೆ ಸೌದೆ ತರಲು ಹಿತ್ತಲಿಗೆ ಹೋದ ಲಿಯಾನ್ ಸೌದೆ ರಾಶಿಯ ಪಕ್ಕದಲ್ಲೇ ಬಿದ್ದಿದ್ದಳು. ಕತ್ತಿನಲ್ಲಿ ಒಂದು ಗಾಯ. ಸುತ್ತಲಿನ ಹುಲ್ಲು ಮಂಜುಗಟ್ಟಿ ಬೆಳ್ಳಗಾಗಿತ್ತು. ಒಳಗೆ ಮಗು ಮಲಗಿತ್ತು.

ಗುಂಡಿನ ಸದ್ದು ಕೇಳಿಸಿತೇ ಎಂದು ಕೇಳಿದರೆ ಗ್ರಾಂಟ್ ಇಲ್ಲವೆಂದ. ತಾನು ಅಡುಗೆಮನೆಯಲ್ಲಿದ್ದೆ, ಏನೂ ಕೇಳಿಸಲಿಲ್ಲ. ಅದೇ ಮಾತು ಅವನಿಗೆ ಮುಳುವಾಯಿತು: ಹೆಂಡತಿ ಹಿತ್ತಲಲ್ಲಿ ಗುಂಡು ತಾಗಿ ಸತ್ತಿರುವಾಗ ಸದ್ದೇ ಕೇಳಿಸಲಿಲ್ಲ ಎಂದರೆ ಯಾರೂ ನಂಬಲಿಲ್ಲ.

ಮರಣೋತ್ತರ ಪರೀಕ್ಷೆ ಡನೀಡಿನ್‌ನಲ್ಲಿ ಮರುದಿನ ನಡೆಯಿತು. ದೇಹದಲ್ಲಿ ಸಿಕ್ಕಿದ್ದು ಎರಡೂವರೆ ಗ್ರಾಂ ತೂಕದ ಸೀಸ, ಇಪ್ಪತ್ತೆರಡರದು. ನಜ್ಜುಗುಜ್ಜಾಗಿದ್ದರಿಂದ ಯಾವ ಬಂದೂಕಿನದೆಂದು ಹೇಳಲು ಬರುವುದಿಲ್ಲ ಎಂದು ವರದಿ. ಗ್ರಾಂಟ್‌ನ ಕಪಾಟಿನಲ್ಲಿ ಇಪ್ಪತ್ತೆರಡರ ಬಂದೂಕಿತ್ತು, ಆಗತಾನೆ ಎಣ್ಣೆ ಹಾಕಿ ಒರೆಸಿದ್ದು. ಗಂಡ ಹೆಂಡತಿ ಕೂಗಾಡುತ್ತಿದ್ದುದನ್ನು ತೋಟದ ಕೆಲಸದವರು ಕೇಳಿದ್ದರು. ಡನೀಡಿನ್‌ನಿಂದ ಬಂದ ಪತ್ತೇದಾರರಿಗೆ ಅಷ್ಟು ಸಾಕಾಯಿತು. ಶುಕ್ರವಾರ ಸಂಜೆ 4ಕ್ಕೆ ಗ್ರಾಂಟ್‌ನನ್ನು ವಿಚಾರಣೆಗೆ ಕರೆದೊಯ್ದು ಬಂಧನದಲ್ಲಿಟ್ಟರು. ಮಗುವನ್ನು ಬೇರೆ ಊರಿನ ಪಾಲನೆಯ ಮನೆಗೆ ಕಳಿಸಿದರು. ಮಗುವಿದ್ದ ಬುಟ್ಟಿಯನ್ನು ಕಾರಿಗೆ ಇಟ್ಟವಳು ಇಯೋನಾ. ಬಾಟಲಿ ಹಾಲು ಅದಕ್ಕೆ ಹಿಡಿಸುವುದಿಲ್ಲ, ಸ್ವಲ್ಪ ಸ್ವಲ್ಪವೇ ಕೊಡಿ ಎಂದು ಗ್ರಾಂಟ್ ಎಲ್ಲರಿಗೂ ಹೇಳುತ್ತಿದ್ದ, ಆದರೆ ಯಾರೂ ಬರೆದುಕೊಳ್ಳಲಿಲ್ಲ.

ವಾಟಿಯ ಹೇಳಿಕೆಯನ್ನು ಡೆವ್ಲಿನ್ ಗುರುವಾರ ಮಧ್ಯಾಹ್ನವೇ ಪಡೆದಿದ್ದ. ತೋಟದ ಕೊನೆಯ ಸಾಲು, ಬೆಳಿಗ್ಗೆ 8.20ರಿಂದ 8.50. ಏಳು ಮೊಲ. ಬಳಸಿದ್ದು ಹದಿನೇಳು, ಎಂದಿನಂತೆ. ಕೆಳಗೆ ಸಹಿ. ಯಾರೂ ಎರಡನೇ ಸಲ ಕೇಳಲಿಲ್ಲ. ಪಾದ್ರಿಯನ್ನು ಬೈಬಲ್ ಓದಿದ್ದೀರಾ ಎಂದು ಕೇಳಿದಂತಾಗುತ್ತಿತ್ತು.

ಪ್ರತಿ ಗುರುವಾರ ವಾಟಿ ಠಾಣೆಯ ಹಿಂದಿನ ಮೆಟ್ಟಿಲ ಮೇಲೆ ಒಂದು ಜೊತೆ ಮೊಲ ಇಟ್ಟು ಹೋಗುತ್ತಿದ್ದ, ಕರುಳು ತೆಗೆದು, ಕಾಲು ಕಟ್ಟಿ. ಇಯೋನಾಳ ಅಮ್ಮನ ಸಾರಿಗೆಂದು ಹನ್ನೊಂದು ವರ್ಷಗಳಿಂದ ನಡೆದುಬಂದ ವಾಡಿಕೆ. ಹಿಂದಿನ ಗುರುವಾರದ ಜೊತೆಯನ್ನು ಅಮ್ಮನೇ ಕೊಯ್ದು ಸಾರು ಮಾಡಿದ್ದಳು. ಆ ಗುರುವಾರವೂ ಇಟ್ಟಿದ್ದ. ಅವಳು ಆ ಗಡಿಬಿಡಿಯಲ್ಲಿ ನೋಡದೆಯೇ ಫ್ರೀಜರಿಗೆ ಹಾಕಿದ್ದಳು.

ಭಾನುವಾರ ಮಧ್ಯಾಹ್ನ ಅವನ್ನು ಸಿಂಕಿನಲ್ಲಿಟ್ಟು ಚಾಕು ಹಿಡಿದಳು. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ವಾಟಿ ಯಾವಾಗಲೂ ತಲೆಗೇ ಹೊಡೆಯುತ್ತಿದ್ದ. ಹದಿನೇಳು ತಾಗಿದ ಮೊಲಕ್ಕೆ ತಲೆಯೆಂಬುದು ಅರ್ಧವೂ ಉಳಿಯುತ್ತಿರಲಿಲ್ಲ. ಇವೆರಡಕ್ಕೂ ತಲೆ ಇತ್ತು. ಕಿವಿಯ ಬುಡದಲ್ಲಿ ಒಂದೊಂದು ತೂತು. ಎರಡನೆಯದರ ತಲೆಬುರುಡೆಯೊಳಗೆ ಚಾಕುವಿನ ತುದಿಗೆ ಬಟಾಣಿಯಷ್ಟು ಸೀಸ ಸಿಕ್ಕಿತು.

ಅಮ್ಮ ಒಳಗಿನಿಂದ ಈರುಳ್ಳಿ ಹೆಚ್ಚಲೇ ಎಂದು ಕೇಳಿದಳು. ಬೇಡ ಎಂದಳು ಇಯೋನಾ. ಅವಳಿಗೆ ಎಲ್ಲ ಅರ್ಥವಾಗಿತ್ತು, ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು. ಆ ಚೂರನ್ನು ಲಕೋಟೆಗೆ ಹಾಕಿ ದಿನಾಂಕ ಬರೆದಳು.

ಸೋಮವಾರ ಬೆಳಿಗ್ಗೆ 9ಕ್ಕೆ ಅವಳೂ ಡೆವ್ಲಿನ್‌ನೂ ಸೌದೆ ರಾಶಿಯಿಂದ ದ್ರಾಕ್ಷಿಯ ಕೊನೆಯ ಸಾಲಿನವರೆಗೆ ಹಗ್ಗ ಹಿಡಿದು ನಡೆದರು. ಇನ್ನೂರ ಎಂಬತ್ತು ಮೀಟರ್. ಇಳಿಜಾರಿನಲ್ಲಿ ನೆಲದಿಂದ ಒಂದು ಗೇಣು ಎದ್ದ ಬಂಡೆಯ ಮೇಲೆ ಬೆರಳುದ್ದದ ಬೂದು ಗೆರೆ ಕಂಡಿತು. ಉಗುರಿನಿಂದ ಗೀರಿದರೆ ಮೆತ್ತಗೆ ಹೊಳೆಯಿತು.

"ಸೀಸ," ಎಂದ ಡೆವ್ಲಿನ್. ಹಗ್ಗ ಸುತ್ತುತ್ತಾ, "ನಾನು ಬಂದೂಕು ತೋರಿಸಿ ಅಂತ ಕೇಳಬೇಕಿತ್ತು, ಸಾರ್ಜ್" ಎಂದ.

ತೋಟದ ಮೇಸ್ತ್ರಿಯನ್ನು ಸಾಕ್ಷಿಗೆ ಕರೆದು ಸ್ಥಳ ಮಹಜರು ಬರೆದರು. 11.20ಕ್ಕೆ ವಾಟಿಯ ಮನೆ ತಲುಪಿದರು.

ಅವನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಗಡ್ಡ ಬೋಳಿಸಿರಲಿಲ್ಲ. ಮೇಜಿನ ಮೇಲೆ ಹದಿನೇಳರ ಡಬ್ಬಿ, ಪಕ್ಕದಲ್ಲಿ ನಿಧಾನಕ್ಕೆ ಹೋಗುವ ಇಪ್ಪತ್ತೆರಡರ ತೋಟಾ ಡಬ್ಬಿ. ಬಂದೂಕುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಹರಡಿದ್ದ. ಇಯೋನಾ ಎದುರಿಗೆ ಕೂತು, ಏನೂ ಹೇಳಬೇಕಾಗಿಲ್ಲ, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇವೆ ಎಂಬ ಮಾತನ್ನು ಹೇಳಿದಳು.

"ಆವತ್ತು ಯಾವುದು?"

"ಇಪ್ಪತ್ತೆರಡು."

"ಯಾವತ್ತಿಂದ?"

"ನೀನು ಫೋನ್ ಮಾಡಿದ ಮಾರನೇ ದಿನದಿಂದ." ಅವನು ಡಬ್ಬಿಯನ್ನು ಬೆರಳಲ್ಲಿ ಸರಿಸಿದ. "ಸದ್ದೇ ಬರಲ್ಲ ಇದರಲ್ಲಿ. ಮೊಲಕ್ಕೆ ತಾಗೋ ಟಪ್ ಅನ್ನೋದಷ್ಟೇ. ಕೂಸು ಮಲಗಲಿ ಅಂತ. ಮನೆ ಕಡೆ ಯಾವತ್ತೂ ಗುರಿ ಇಟ್ಟಿಲ್ಲ ನಾನು. ಅಡ್ಡಕ್ಕೇ ಹೊಡೀತಿದ್ದೆ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು, ಆ ಬಂಡೆ ಮಂಜಿನಡಿ ಕಾಣಲಿಲ್ಲ."

"ಗೊತ್ತಾಗಿದ್ದು ಯಾವಾಗ?"

"ಮಧ್ಯಾಹ್ನ. ಅಂಗಡೀಲಿ ಹೇಳಿದ್ರು. ಕೇಳಿದ ತಕ್ಷಣ ಗೊತ್ತಾಯ್ತು."

"ಡೆವ್ಲಿನ್ ಬಂದಾಗ ಹದಿನೇಳು ಅಂದಿರಿ."

"ನಲವತ್ತು ವರ್ಷದಿಂದ ಅದನ್ನೇ ಹೇಳ್ಕೊಂಡು ಬಂದ ಬಾಯಿ. ಅದೇ ಬಂತು. ಮಾರನೇ ದಿನ ಸಂಜೆ ಬಂದು ನಿನ್ಹತ್ರ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಗ್ರಾಂಟ್‌ನ ಕರ್ಕೊಂಡು ಹೋದ್ರಿ, ಕೂಸನ್ನೂ. ಆಮೇಲೆ ಹೇಳೋದು ಎರಡಾಯ್ತು, ಆ ಸಾವೂ, ನನ್ನ ಸುಳ್ಳೂ." ಅವನೇ ಕೇಳಿದ: "ಮೊಲ ನೋಡಿದ್ಯಾ?"

"ನೋಡಿದೆ."

"ಗುರುವಾರವೇ ನೋಡ್ತೀಯ ಅಂದ್ಕೊಂಡಿದ್ದೆ. ದಿನಾ ಕಾಯ್ತಿದ್ದೆ."

11.45ಕ್ಕೆ ಬಂಧನ. ಅಜಾಗರೂಕತೆಯಿಂದ ಬಂದೂಕು ಬಳಸಿ ಸಾವಿಗೆ ಕಾರಣವಾದದ್ದು, ತನಿಖೆಯಲ್ಲಿ ಸುಳ್ಳು ಹೇಳಿಕೆ ಕೊಟ್ಟದ್ದು. ಕೈಕೋಳ ಹಾಕಲಿಲ್ಲ. ಕಾರು ಹತ್ತಿ ಕೂತು ಅವನು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ.

ಗ್ರಾಂಟ್‌ನನ್ನು ಅಂದೇ ಬಿಟ್ಟರು. ಮಗು ಮನೆಗೆ ಬರಲು ಕಾಗದಪತ್ರದ ಕೆಲಸ ಮುಗಿಯುವ ಹೊತ್ತಿಗೆ ಗುರುವಾರವಾಯಿತು. ಇಯೋನಾಳೇ ತಂದು ಒಪ್ಪಿಸಿದಳು. ಮಗು ತೂಕ ಕಳೆದುಕೊಂಡಿತ್ತು, ಅತ್ತು ಅತ್ತು ದನಿ ಒಡೆದಿತ್ತು. ಬೇರೆ ಯಾರ ಬಾಯಿಂದಲೋ ತಿಳಿಯುವುದು ಬೇಡವೆಂದು ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು: ಲಿಯಾನ್ ಕೊಟ್ಟ ದೂರು, ತಾನು ಮಾಡಿದ ಫೋನ್, ವಾಟಿ ಬದಲಾಯಿಸಿದ ತೋಟಾ. ಫೋನ್ ಮಾಡಿದ್ದು ನಾನು ಎಂಬುದನ್ನು ಎರಡು ಸಲ ಹೇಳಿದಳು. ಅವನು ಬೈಯುತ್ತಾನೆ ಎಂದುಕೊಂಡಿದ್ದಳು, ಬೈದಿದ್ದರೆ ಹಗುರವಾಗುತ್ತಿತ್ತು.

ಗ್ರಾಂಟ್ ಮಗುವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಆ ವಾರ ಮಲಗ್ತಿತ್ತು ಇದು," ಎಂದ. "ಸಾರ್ಜೆಂಟ್‌ಗೆ ಥ್ಯಾಂಕ್ಸ್ ಹೇಳ್ಬೇಕು ಅಂತ ಲಿಯಾನ್ ಅಂತಿದ್ಲು."

ಇಯೋನಾ ಠಾಣೆಗೆ ಬಂದು ದೂರಿನ ಪುಸ್ತಕದಿಂದ ಜುಲೈ 5ರ ಪುಟದ ಪ್ರತಿ ತೆಗೆದಳು. ಅದನ್ನೂ ದಾಖಲೆಗಳ ಜೊತೆ ಸೇರಿಸಿ ಕ್ರಮಸಂಖ್ಯೆ ಹಾಕಿದಳು. ಹಿಂದಿನ ಮೆಟ್ಟಿಲ ಮೇಲೆ ಆ ಗುರುವಾರ ಏನೂ ಇರಲಿಲ್ಲ.