ಕದಿರಮ್ಮ ಅಳಿಸಿದ ಹೆಸರು

ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಕದಿರಮ್ಮ ಒಬ್ಬ ಮನುಷ್ಯನ ಹೆಸರನ್ನು ರಬ್ಬರಿನಿಂದ ಅಳಿಸಿದಳು.

ಅದು 1958ರ ಮೇ ತಿಂಗಳು. ಬಂಗಾರಪೇಟೆ ಸ್ಟೇಷನ್ನಿನ ಹಿಂದೆ, ಚಿನ್ನದ ಗಣಿಗಳಿಗೆ ಕಬ್ಬಿಣದ ಸಾಮಾನು ಮಾಡಿಕೊಡುವ ಒಂದು ಖಾಸಗಿ ವರ್ಕ್‌ಶಾಪು. ಅದರ ಡ್ರಾಯಿಂಗ್ ರೂಮಿನಲ್ಲಿ ಅವಳು ಟ್ರೇಸರ್. ಬೇರೆಯವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಬಟ್ಟೆ ಹಾಸಿ, ಸೀಮೆಸುಣ್ಣದ ಪುಡಿ ತಿಕ್ಕಿ, ಕಪ್ಪು ಶಾಯಿಯಲ್ಲಿ ಗೆರೆ ಎಳೆಯುವುದು ಅವಳ ಕೆಲಸ. ನಕ್ಷೆ ಬಟ್ಟೆಗೆ ಇಳಿದ ಮೇಲೆ ಪೆನ್ಸಿಲಿನ ಹಾಳೆಯನ್ನು ಪೂರ್ತಿ ಅಳಿಸಿ ಮತ್ತೆ ಬಳಸುವುದು ಅಲ್ಲಿನ ಪದ್ಧತಿ. ಆ ದಪ್ಪ ಕಾಗದ ಹೊರದೇಶದಿಂದ ಬರಬೇಕಿತ್ತು. ಆಮದು ಬಿಗಿಯಾಗಿದ್ದ ಕಾಲ.

ನಕ್ಷೆಯ ಮೂಲೆಯಲ್ಲಿ ಹೆಸರು ಬರೆಯುವ ಚೌಕವನ್ನು ಮಾತ್ರ ಅವಳು ಬಟ್ಟೆಯ ಮೇಲೆ ಖಾಲಿ ಬಿಡಬೇಕಿತ್ತು. ಅದನ್ನು ತುಂಬುವವನು ಹೆಡ್ ಡ್ರಾಫ್ಟ್ಸ್‌ಮನ್ ಶ್ರೀನಿವಾಸಪ್ಪ. ಅವಳ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಬೂದಿಕೋಟೆಯಿಂದ ಅವಳನ್ನು ಕರೆತಂದು, ಮನೆಯಲ್ಲಿಟ್ಟುಕೊಂಡು ಎಸ್ಸೆಸ್ಸೆಲ್ಸಿ ಓದಿಸಿ, ಈ ಕೆಲಸ ಕೊಡಿಸಿದವನೂ ಅವನೇ.

"ಅಮ್ಮಾ... ನನ್ನ ಶೀಟು ಇಸ್ಕಂಡು ಓಗಾನ ಅಂತ ಬಂದೆ."

ಕದಿರಮ್ಮ ತಿರುಗಿದಳು. ಬಾಗಿಲಲ್ಲಿ ಎಣ್ಣೆ ಕಲೆಯ ಅಂಗಿಯ ಯುವಕ ನಿಂತಿದ್ದ. ಅವನ ಕಣ್ಣು ಅವಳ ಕೈಯ ಕೆಳಗಿದ್ದ ಬಿಳಿ ಹಾಳೆಯ ಮೇಲೆ ಬಿತ್ತು. ಅಲ್ಲೇ ನಿಂತಿತು.

"ಎಲ್ಲಾ ಅಳಿಸ್ಬುಟ್ರಾ?"

"ಇಲ್ಲಿ ಅದೇ ರೂಲು. ನೋಡಿ, ಬಟ್ಟೆ ಮೇಲೆ ಒಂದು ಗೆರೇನೂ ಬಿಟ್ಟಿಲ್ಲ."

"ನನ್ನ ಎಸರೂ ಅಳಿಸಿದ್ರಾ?"

"ಅದೂ..."

ಅವನು ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡ. "ನಮ್ಮಪ್ಪ ಗಣಿ ಲೈನ್‌ಮನೆ ಮಂದಿಗೆಲ್ಲ ಪಾಯಸ ಉಣ್ಸಿ ಇಟ್ಟ ಎಸರು ಕಣ್ರೀ! ಒಂದು ಚೂರು ರಬ್ಬರ್‌ಗೆ ಓಗ್ಬುಡ್ತಾ?"

ಕದಿರಮ್ಮನಿಗೆ ನಗು ತಡೆಯಲಾಗಲಿಲ್ಲ. "ಮಾವ ಬಟ್ಟೆ ಮೇಲೆ ಬರೀತಾರೆ. ಹೆದರಬೇಡಿ."

"ನೀವು ಏಳಿದ್ಮೇಲೆ ಇನ್ನೇನು!"

ಅವನು ಹೋದ. ಅವಳು ಆ ಹಾಳೆಯನ್ನು ಇನ್ನೊಂದು ನಕ್ಷೆ ಬರೆಯಲು ಪಕ್ಕದ ಮೇಜಿಗೆ ಕೊಟ್ಟಳು.

ಅವನ ಹೆಸರು ಕೋದಂಡಪ್ಪ. ಅದೇ ವರ್ಕ್‌ಶಾಪಿನ ಫಿಟ್ಟರ್, ಮನೆ ಚಿನ್ನದ ಗಣಿಗಳ ಉರಿಗಾಂನಲ್ಲಿ. ಅವನ ಅಪ್ಪ ದೊಡ್ಡವೆಂಕಟಪ್ಪ ಗಣಿಯೊಳಗೆ ಬಂಡೆ ಕೊರೆದವನು. ಕೊರೆಯುವಾಗ ಏಳುವ ಧೂಳು ಎದೆ ಸೇರಿ, ಈಗ ಹತ್ತು ಹೆಜ್ಜೆ ನಡೆದರೆ ಕೂತುಬಿಡುತ್ತಿದ್ದ. ಅವನ ಕೆಮ್ಮು ಕೇಳಿ ಕೇಳಿ ಕೋದಂಡಪ್ಪ ಭಾನುವಾರಗಳಲ್ಲಿ ಮನೆಯ ಮುಂದೆ ಕೂತು, ಸೀಮೆಎಣ್ಣೆ ಡಬ್ಬ ಕತ್ತರಿಸಿ, ಕೊರೆಯುವ ಯಂತ್ರದ ಮೂತಿಗೆ ತೊಡಿಸುವ ಒಂದು ಟೋಪಿ ಮಾಡಿದ್ದ. ಏಳುವ ಧೂಳು ಗಾಳಿಗೆ ಹರಡದೆ ಒದ್ದೆ ಗೋಣಿಚೀಲದೊಳಕ್ಕೆ ಹೋಗುತ್ತಿತ್ತು. ಅಪ್ಪನ ಗೆಳೆಯ ಪೆರುಮಾಳ್ ಮತ್ತು ಅವನ ಜೊತೆಯವರು ಅದನ್ನು ಗಣಿಯಲ್ಲಿ ತೊಡಿಸಿ ನೋಡಿ ಮೆಚ್ಚಿದ್ದರು. ಅದನ್ನೇ ತಿದ್ದಿ, ಧೂಳು ಹಿಂದಕ್ಕೆ ಬಾರದಂತೆ ಒಂದು ಬಾಗಿಲು ಸೇರಿಸಿ, ನಕ್ಷೆ ಬರೆದು ಶ್ರೀನಿವಾಸಪ್ಪನ ಕೈಗೆ ಕೊಟ್ಟಿದ್ದ. ಯಜಮಾನರಿಗೆ ತೋರಿಸುತ್ತೇನೆ ಎಂದಿದ್ದ ಶ್ರೀನಿವಾಸಪ್ಪ.

ಆಮೇಲೆ ಕೋದಂಡಪ್ಪ ಡ್ರಾಯಿಂಗ್ ರೂಮಿಗೆ ಬರಲು ದಿನಕ್ಕೊಂದು ನೆಪ ಹುಡುಕಿದ.

ಸಂಜೆ ಕೆಲಸ ಬಿಟ್ಟ ಮೇಲೆ ಉರಿಗಾಂ ಕಡೆಯ ರೈಲು ಬರುವವರೆಗೆ ಇಬ್ಬರೂ ಸ್ಟೇಷನ್ನಿನ ಕಲ್ಲುಬೆಂಚಿನ ಎರಡು ತುದಿಯಲ್ಲಿ ಕೂರುತ್ತಿದ್ದರು. ನೋಡಿದವರಿಗೆ ಪರಿಚಯವೇ ಇಲ್ಲದವರಂತೆ! ಕೆಟ್ಟುಹೋದ ಟ್ರೇಸಿಂಗ್ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದರೆ ಗಂಜಿ ಬಿಟ್ಟು ಮೆತ್ತನೆಯ ನಾರುಬಟ್ಟೆಯಾಗುತ್ತದೆ. ಕದಿರಮ್ಮ ಅದರಲ್ಲಿ ಕರವಸ್ತ್ರ ಹೊಲಿದು ಅವನ ಅಪ್ಪನಿಗೆ ಕಳಿಸಿದಳು.

"ಅಪ್ಪ ಏನಂದ್ರು?"

"'ಇಷ್ಟು ಮೆತ್ತಗಿರೋ ಬಟ್ಟೆಗೆ ಕೆಮ್ಮಾಕೆ ಮನಸ್ಸೇ ಬರಲ್ಲ ಕಣ್ಲಾ, ಇದನ್ನ ಒಲಿದೋಳ್ನ ಮನೆಗೆ ಕರ್ಕಂಬಾ' ಅಂದ."

"ನೀವೇನಂದ್ರಿ?"

"ರೈಲು ಬಂತು," ಎಂದು ಎದ್ದುಬಿಟ್ಟ ಕಳ್ಳ!

ಕದಿರಮ್ಮ ಮನೆ ಸೇರುವವರೆಗೂ ಒಬ್ಬಳೇ ನಕ್ಕಳು. ಅವಳ ಬದುಕಿನಲ್ಲಿ ಅಷ್ಟು ಹಗುರವಾದ ದಿನಗಳು ಮತ್ತೆ ಬಹಳ ಕಾಲ ಬರಲಿಲ್ಲ.

*

1960ರ ಆಯುಧ ಪೂಜೆ. ಯಂತ್ರಗಳಿಗೆಲ್ಲ ಕುಂಕುಮ ಬಳಿದು, ಬಾಳೆಕಂದು ಕಟ್ಟಿ, ಕಡಲೆಪುರಿ ಹಂಚುವ ಹೊತ್ತಿಗೆ ಯಜಮಾನರು ಒಂದು ಹಾರ ತರಿಸಿದರು.

"ನಮ್ಮ ಶ್ರೀನಿವಾಸಪ್ಪನೋರು ಒಂದು ಹೊಸ ಸಾಧನ ಕಂಡುಹಿಡಿದಿದಾರೆ. ಧೂಳಿನ ಟೋಪಿ! ಕಲ್ಕತ್ತೆಯ ಪೇಟೆಂಟ್ ಕಚೇರಿ ನಮ್ಮ ಅರ್ಜಿ ಒಪ್ಪಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕದಿರಮ್ಮನ ಕೈಯಲ್ಲಿದ್ದ ಕಡಲೆಪುರಿ ನೆಲಕ್ಕೆ ಸುರಿಯಿತು.

'ಮಾವ... ಚೌಕದಲ್ಲಿ ನಿಮ್ಮ ಹೆಸರು ಬರೆದಿರಾ?'

"ಅದು ನಂದು!" ಕೋದಂಡಪ್ಪ ಗುಂಪನ್ನು ತಳ್ಳಿಕೊಂಡು ಮುಂದೆ ಬಂದ. "ಸ್ವಾಮೀ, ಅದನ್ನ ಬರೆದವನು ನಾನು! ಕೇಳಿ ಬೇಕಾದ್ರೆ ಅವರನ್ನೇ!"

"ನಿನ್ನ ನಕ್ಷೆ ಇದ್ದರೆ ತೋರಿಸಪ್ಪಾ," ಎಂದ ಶ್ರೀನಿವಾಸಪ್ಪ. ದನಿ ಏರಿಸಲಿಲ್ಲ. ಹಾರ ಕೊರಳಲ್ಲೇ ಇತ್ತು.

ಕೋದಂಡಪ್ಪ ತಟ್ಟನೆ ಕದಿರಮ್ಮನ ಕಡೆ ತಿರುಗಿದ. ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಎದುರಿಗೆ ಅನ್ನ ಹಾಕಿದ ಮಾವ, ಪಕ್ಕದಲ್ಲಿ ಪೂಜೆಗೆ ಬಂದ ಅತ್ತೆ... ಆ ಒಂದು ಗಳಿಗೆ ಸಾಕಾಯಿತು.

ಅವನನ್ನು ಕೆಲಸದಿಂದ ತೆಗೆದರು. ಗೇಟಿನ ಹೊರಗೆ ಅವಳು ಓಡಿ ಹೋಗಿ ಹಿಡಿದಳು.

"ಕೋದಂಡಪ್ಪಾ, ನಿಂತ್ಕೊಳ್ಳಿ... ನನಗೆ ಗೊತ್ತಿರಲಿಲ್ಲ!"

"ಅವತ್ತು ಅಳಿಸಿದ್ದು ಯಾರು?"

"ನಾನೇ. ಆದ್ರೆ..."

"ಮಾವ ಬರೀತಾರೆ ಎದರಬೇಡಿ ಅಂದಿದ್ದು ಯಾರು?"

"ನಾನೇ..."

"ಮನೆಮಂದಿ ಎಲ್ಲಾ ಸೇರಿ ಚೆನ್ನಾಗಿ ಮಾಡಿದ್ರಿ ಬಿಡು." ಎರಡು ವರ್ಷದಲ್ಲಿ ಮೊದಲ ಸಲ ಅವನು ಅವಳನ್ನು ಏಕವಚನದಲ್ಲಿ ಕರೆದಿದ್ದ. ಪ್ರೀತಿಯಿಂದ ಕರೆಯಲಿ ಎಂದು ಅವಳು ಎಷ್ಟು ದಿನ ಕಾದಿದ್ದಳೋ! "ನಮ್ಮಪ್ಪನ ಎದೆ ಮೇಲೆ ನಿಮ್ಮಾವ ಎಸರು ಕೆತ್ತಿಸ್ಕಂಡ. ಇನ್ನು ನನ್ನ ಇಂದೆ ಬರಬೇಡ."

ಅವನು ಸ್ಟೇಷನ್ನಿನ ಕಡೆ ನಡೆದುಹೋದ. ತಿರುಗಿ ನೋಡಲಿಲ್ಲ.

*

"ಮಾವ, ಅದು ಕೋದಂಡಪ್ಪನ ನಕ್ಷೆ. ನಿಮಗೂ ಗೊತ್ತು."

ಮರುದಿನ ಬೆಳಿಗ್ಗೆ ಶ್ರೀನಿವಾಸಪ್ಪ ಊಟಕ್ಕೆ ಕೂತಿದ್ದ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

"ಕಾಗದ ಯಾರದು? ಸಂಬಳ ಯಾರದು? ವರ್ಕ್‌ಶಾಪಿನವನು ಮಾಡಿದ್ದು ವರ್ಕ್‌ಶಾಪಿಂದು."

"ವರ್ಕ್‌ಶಾಪಿಂದು ಅಂತ ಬರ್ಕೊಳ್ಳಿ. ಕಂಡುಹಿಡಿದವನು ನಾನು ಅಂತ ನೀವು ಯಾಕೆ ಬರೆದ್ರಿ?"

ಅವನು ಮುರಿದ ತುತ್ತನ್ನು ತಟ್ಟೆಗೆ ಬಿಟ್ಟ. "ಇಪ್ಪತ್ತು ವರ್ಷದಿಂದ ಬೇರೆಯವರ ಗೆರೆ ತಿದ್ದುತಾ ಇದೀನಿ ಕಣೇ. ನನ್ನದು ಅಂತ ಒಂದಾದರೂ ಇರಬಾರದಾ?"

ಕದಿರಮ್ಮನಿಗೆ ಅವನ ಮೇಲೆ ಕೋಪ ಬರಬೇಕಿತ್ತು. ಬಂದದ್ದು ಮರುಕ. ಅದೇ ಹೆಚ್ಚು ನೋಯಿಸಿತು.

ಅತ್ತೆ ಆದಿಲಕ್ಷ್ಮಮ್ಮ ಒಲೆಯ ಮುಂದಿನಿಂದಲೇ ಅಂದಳು: "ಮಗಳ ತರ ಸಾಕಿದ್ವಿ. ಆ ಫಿಟ್ಟರ್ ಕಣ್ಣು ಹೊಡೆದ್ರೆ ಇಷ್ಟು ಮಾತು ಬತ್ತದೇನೇ ನಿಂಗೆ?"

ಕದಿರಮ್ಮ ಹೊರಗೆ ಬಂದಳು.

ಕೋದಂಡಪ್ಪ ಬಂಗಾರಪೇಟೆಯ ವಕೀಲ ಜಯರಾಮಪ್ಪನವರ ಮೂಲಕ ತಕರಾರು ಹಾಕಲು ಹೊರಟಿದ್ದಾನೆಂದು ವರ್ಕ್‌ಶಾಪಿನಲ್ಲಿ ಸುದ್ದಿಯಾಯಿತು. ಅರ್ಜಿ ಒಪ್ಪಿದ ಪ್ರಕಟಣೆಯಾದ ಮೇಲೆ ತಕರಾರಿಗೆ ಕಾನೂನು ಕೊಡುತ್ತಿದ್ದ ಅವಧಿ ನಾಲ್ಕು ತಿಂಗಳು. ಅದು ಮುಗಿಯುವ ಮುಂಚೆ ಒಂದು ಮಧ್ಯಾಹ್ನ ಕದಿರಮ್ಮ ಒಬ್ಬಳೇ ವಕೀಲರ ಮನೆಯ ಜಗಲಿ ಹತ್ತಿದಳು.

"ಪೆರುಮಾಳ್ ಕಂಡಿರೋದು ಬರೀ ಡಬ್ಬದ ಟೋಪಿ," ಎಂದರು ಜಯರಾಮಪ್ಪ. "ಆ ಬಾಗಿಲು ಇರೋದು ಪೆನ್ಸಿಲಿನ ನಕ್ಷೇಲಿ ಮಾತ್ರ. ಅದನ್ನ ಕಂಡವರು ನಿಮ್ಮ ಮಾವ, ಇಲ್ಲಾ ನೀವು. ನಿಮ್ಮನ್ನ ಕೇಳೋಣ ಅಂದ್ರೆ ನಮ್ಮ ಕಕ್ಷಿದಾರ ಬೇಡ ಅಂತಾನೆ. ಅವಳ ಹೆಸರೇ ಎತ್ತಬೇಡಿ ಅಂದ."

ಕದಿರಮ್ಮ ಸೆರಗಿನ ತುದಿ ಬಿಗಿ ಹಿಡಿದಳು. "ನಾನು ಹೇಳಿದ್ರೆ ಅವರಿಗೆ ಹಕ್ಕು ಸಿಗುತ್ತಾ?"

"ಆ ಮಾತು ನಾನು ಕೊಡೋಕಾಗಲ್ಲಮ್ಮ. ಪೇಟೆಂಟ್ ಸಿಗಬೇಕಾದ್ರೆ ಅದು ಮೊದಲೇ ಹತ್ತು ಜನರ ಬಳಕೇಲಿ ಇರಬಾರದು. ಟೋಪಿ ಆಗಲೇ ಗಣಿ ಒಳಗೆ ಓಡಾಡ್ತಿದೆ, ಬಾಗಿಲಿನ ವಿಷಯಾನೂ ಈಗ ಪ್ರಕಟಣೇಲಿ ಬಂದುಬಿಟ್ಟಿದೆ."

"ಮತ್ತೆ ಏನು ಸಿಗುತ್ತೆ?"

"ನಿಮ್ಮ ಮಾವನಿಗೆ ಸಿಗೋದು ನಿಲ್ಲುತ್ತೆ. ಕಂಡುಹಿಡಿದವನು ಯಾರು ಅನ್ನೋದಕ್ಕೆ ಕಾನೂನು ಸುಳ್ಳು ಒಪ್ಪಲ್ಲ. ಸಂಬಳ ಯಾರೇ ಕೊಟ್ಟಿರಲಿ." ಅವರು ಕನ್ನಡಕ ತೆಗೆದರು. "ನಿಮಗೆ ಮಾತ್ರ ಕೆಲಸ ಹೋಗುತ್ತೆ. ಬಹುಶಃ ಮನೆನೂ."

'ಅವನು ನನ್ನ ಹೆಸರನ್ನೇ ಎತ್ತಬೇಡಿ ಅಂದ... ಅವನಿಗಾಗಿ ನಾನು ಯಾಕೆ?'

ಅವಳು ಸೆರಗಿನ ತುದಿ ಬಿಟ್ಟಳು.

"ಬರ್ಕೊಳ್ಳಿ ಸ್ವಾಮಿ. ಎಲ್ಲಿ ಸಹಿ ಮಾಡ್ಬೇಕೋ ಮಾಡ್ತೀನಿ."

ಮ್ಯಾಜಿಸ್ಟ್ರೇಟರ ಮುಂದೆ ಅವಳು ಪ್ರಮಾಣ ಮಾಡಿದಳು: ನಕ್ಷೆ ಕೋದಂಡಪ್ಪನದು, ಬಾಗಿಲಿನ ಗೆರೆಗಳೂ ಅವನವೇ, ಪದ್ಧತಿಯಂತೆ ಅಳಿಸಿದವಳು ತಾನು. ಆ ವಾರವೇ ಅವಳ ಟ್ರಂಕು ಮಾವನ ಮನೆಯ ಜಗಲಿಗೆ ಬಂತು. ಅವಳು ಬೂದಿಕೋಟೆಯ ಬಸ್ಸು ಹತ್ತಿದಳು.

*

ಬೂದಿಕೋಟೆಯಲ್ಲಿ ಒಂದು ಚಳಿಗಾಲ ಕಳೆಯಿತು. ಬೇಸಿಗೆ, ಮಳೆ, ಮತ್ತೊಂದು ಚಳಿಗಾಲ. ಶಾಯಿ ಹಿಡಿದ ಕೈ ಹಾಲು ಕರೆಯಿತು, ಹುಲ್ಲು ಹೊತ್ತಿತು. 'ಇವತ್ತು ಬರಬಹುದು' ಎಂದು ಮಧ್ಯಾಹ್ನದ ಬಸ್ಸಿನ ಸದ್ದಿಗೆ ಕಿವಿಗೊಡುತ್ತಿದ್ದವಳು ನಿಧಾನವಾಗಿ ಅದನ್ನೂ ಬಿಟ್ಟಳು. ಕೋದಂಡಪ್ಪನಿಂದ ಒಂದು ಸಾಲೂ ಬರಲಿಲ್ಲ.

1962ರ ಫೆಬ್ರವರಿಯಲ್ಲಿ ಒಂದು ದಿನ ಅವಳ ತಾಯಿ ಮುನಿನಾರಾಯಣಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದಳು.

"ಯಾರೋ ಪ್ಯಾಂಟ್‌ನೋನು ಬಂದವ್ನೆ ಕಣೇ. ಜಪ್ತಿಗೆ ಬಂದ ಅಮೀನನ ತರ ಮುಖ ಮಾಡ್ಕೊಂಡವ್ನೆ."

ಅಂಗಳದಲ್ಲಿ ಕೋದಂಡಪ್ಪ ನಿಂತಿದ್ದ. ಇಳಿದುಹೋಗಿದ್ದ. ಬೋಳಿಸಿದ ತಲೆಯಲ್ಲಿ ಕೂದಲು ಮತ್ತೆ ಚಿಗುರಿತ್ತು.

ಕದಿರಮ್ಮನಿಗೆ ಅರ್ಥವಾಯಿತು. "ಅಪ್ಪ...?"

"ಸಂಕ್ರಾಂತಿಗೆ ಮುಂಚೆ. ಕೊನೇಗೆ ಮಲಗಾಕೂ ಆಗ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ..."

ಮುನಿನಾರಾಯಣಮ್ಮ ನೀರು ತಂದಿಟ್ಟು ಒಳಗೆ ಹೋದಳು. ಅವನು ಕುಡಿಯಲಿಲ್ಲ.

"ಕಲ್ಕತ್ತೆ ತೀರ್ಪು ಬಂತು. ನಿಮ್ಮಾವನ ಅರ್ಜಿ ವಜಾ. ನಿನ್ನ ಮಾತು ನಂಬವ್ರೆ."

"ನಿಮಗೆ ಸಿಕ್ತಾ?"

"ಇಲ್ಲ. ನನಗೂ ಸಿಗಲ್ಲ ಅಂದ್ರು ವಕೀಲ್ರು. ಯಾರದೂ ಅಲ್ಲ ಅದು. ಯಾರು ಬೇಕಾದ್ರೂ ಮಾಡ್ಕೋಬೋದು."

"ಮಾಡ್ತಾವ್ರಾ?"

"ಪೆರುಮಾಳ್ ಮಾಮ ಡಬ್ಬದಾಗೆ ಮಾಡ್ಕಂಡು ಓಗ್ತಾನೆ. ಮಿಕ್ಕೋರು ಇಲ್ಲ."

ಕೊಟ್ಟಿಗೆಯಲ್ಲಿದ್ದ ಎಮ್ಮೆ ತಲೆಯೆತ್ತಿ ಅವನನ್ನು ನೋಡಿತು.

"ನೀನು ಪ್ರಮಾಣ ಮಾಡಿದ್ದು ನನಗೆ ಆ ವಾರವೇ ಗೊತ್ತಾಯ್ತು," ಎಂದ ಅವನು. "ವಕೀಲ್ರು ಓದಿ ಏಳಿದ್ರು."

ಕದಿರಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಆ ವಾರವೇ?... ವರ್ಷದ ಮೇಲಾಯ್ತು ಕೋದಂಡಪ್ಪಾ!"

"ಹೂಂ."

"ಒಂದು ಸಾಲು ಬರೆಯೋಕೆ ಆಗಲಿಲ್ವಾ?"

"ಮುಖ ಇರಲಿಲ್ಲ. ಗೇಟಿನ ಮುಂದೆ ನಿನ್ನ ಒಂದು ಮಾತೂ ಕೇಳಲಿಲ್ಲ ನಾನು. ನಿಮ್ಮಾವ ನನ್ನ ಕೆಲಸ ತನ್ನದು ಅಂದ. ನಾನು ಅವನ ತಪ್ಪು ನಿಂದು ಅಂದೆ. ಯಾರು ದೊಡ್ಡ ಕಳ್ಳ ಏಳು?"

ಅವಳು ಅಳಬಾರದೆಂದುಕೊಂಡಿದ್ದಳು. ಅತ್ತಳು.

"ನೀವು ಗೆಲ್ಲಲಿ ಅಂತ ನಾನು ಪ್ರಮಾಣ ಮಾಡಿಲ್ಲ," ಎಂದಳು. "ಆಯುಧ ಪೂಜೆ ದಿನ ಬಾಯಿ ಬರಲಿಲ್ಲವಲ್ಲ... ಆಮೇಲೆ ನನಗೆ ಊಟ ಸೇರಲಿಲ್ಲ. ಅದಕ್ಕೆ."

"ಗೊತ್ತು."

"ಏನು ಗೊತ್ತು ನಿಮಗೆ?"

"ನನಗಾಗಿ ಮಾಡಿದ್ರೆ ಮಾರನೇ ದಿನಾನೇ ಓಡಿ ಬತ್ತಿದ್ದೆ. ಅದಲ್ಲ ಅಂತ ಗೊತ್ತಾಗೇ ಬರಾಕೆ ಎದರಿದ್ದು." ಅವನು ನೆಲ ನೋಡಿದ. "ಬಂಗಾರಪೇಟೆ ಸಂತೆ ಬೀದೀಲಿ ಪಂಪ್‌ಸೆಟ್ ರಿಪೇರಿ ಮಾಡ್ತೀನಿ ಈಗ. ಮನೇಲಿ ನಾನೊಬ್ಬನೇ. ಮಾತಾಡೋರಿಲ್ಲ."

"ಅದಕ್ಕೆ?"

"ಬತ್ತೀಯಾ?"

ಕದಿರಮ್ಮ ಕಣ್ಣೊರೆಸಿಕೊಂಡಳು. "ಇನ್ನೊಂದು ಸಲ ನನ್ನ ಮಾತು ಪೂರ್ತಿ ಕೇಳದೆ ಹೊರಟ್ರೆ?"

"ಬಾಗಿಲಿಗೆ ಬೀಗ ಆಕು."

"ಬೀಗ ಯಾಕೆ? ಕೂರಿಸಿ ಬೈತೀನಿ."

"ಬೈಯಿ. ದಿನಾ ಬೈಯಿ."

ಒಳಗಿಂದ ಮುನಿನಾರಾಯಣಮ್ಮನ ದನಿ ಕೇಳಿತು: "ಅಮೀನಪ್ಪನಿಗೆ ಮುದ್ದೆ ಇಡಾನೇನೇ?"

"ಇಡು ಅವ್ವಾ," ಎಂದಳು ಕದಿರಮ್ಮ. ಅವನಿಗೆ ಮೆಲ್ಲಗೆ ಹೇಳಿದಳು: "ಕೈ ತೊಳ್ಕೊ ಬಾ."

ಅವನು ತಲೆ ಎತ್ತಿದ. ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ವೈಶಾಖದಲ್ಲಿ ಬೂದಿಕೋಟೆಯ ಮನೆಯ ಮುಂದೆ ಚಪ್ಪರ ಹಾಕಿ ಮದುವೆಯಾಯಿತು. ಶ್ರೀನಿವಾಸಪ್ಪ ಬರಲಿಲ್ಲ. ಆದಿಲಕ್ಷ್ಮಮ್ಮ ಬೆಳಗಿನ ಬಸ್ಸಿಗೆ ಒಬ್ಬಳೇ ಬಂದು, ಧಾರೆ ಮುಗಿಯುವವರೆಗೆ ಹಿಂದೆ ನಿಂತಿದ್ದು, ಊಟ ಮಾಡದೆ ಹೊರಟುಹೋದಳು.